ಊರಿನ ಬಸ್ಸಿನಲ್ಲಿ ಬಂದ ಮರಿ

ನಲವತ್ತು ವರ್ಷ ನಾನು ಹೋಟೆಲಿಗೆ ತರಕಾರಿ ಕೊಂಡವನು. ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಅಡುಗೆಮನೆಗೆ ಒಂದು ತೆಂಗಿನಕಾಯಿ ಹೋಗಬೇಕಾದರೂ ಅದು ಮೊದಲು ನನ್ನ ಕಿವಿಯ ಹತ್ತಿರ ಬಂದು ಗುಳುಗುಳು ಎನ್ನಬೇಕಿತ್ತು. ಬೀನ್ಸ್ ಮುರಿದು ನೋಡುತ್ತಿದ್ದೆ, ಬೆಂಡೆಯ ತುದಿ ಚಿವುಟುತ್ತಿದ್ದೆ, ಅಕ್ಕಿಯ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯದೆ ಮೂಟೆ ಇಳಿಸಲು ಬಿಡುತ್ತಿರಲಿಲ್ಲ. ಮಾರ್ಕೆಟಿನ ಭಾಜಿವಾಲಾಗಳು ನನ್ನನ್ನು ಕಂಡರೆ, "ಅಣ್ಣಾ ಆ ಗಯಾ, ಅಬ್ ಏಕ್ ಏಕ್ ಭಿಂಡೀ ಕಾ ಇಂಟರ್‌ವ್ಯೂ ಹೋಗಾ" ಎಂದು, ಇನ್ನು ಒಂದೊಂದು ಬೆಂಡೆಗೂ ಸಂದರ್ಶನವೆಂದು ನಗುತ್ತಿದ್ದರು. ಅಂಥ ನಾನು ಒಂದು ಜೀವವನ್ನು ಮಾತ್ರ ಫೋನಿನಲ್ಲಿ ಫೋಟೊ ನೋಡಿ ಕೊಂಡೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಆ ಮೂರ್ಖತನದ ಹಳ್ಳದಿಂದ ನನ್ನನ್ನೂ ನನ್ನ ಹೆಂಡತಿಯನ್ನೂ ಎಳೆದು ಮೇಲೆ ಹಾಕಿದವಳು ಒಬ್ಬಳಿದ್ದಾಳೆ. ಅವಳ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಉಂಡ ಅನ್ನ ನನ್ನ ಮೈಗೆ ಹತ್ತಲಿಕ್ಕಿಲ್ಲ.

ಚೆಂಬೂರಿನಲ್ಲಿ ನಮ್ಮದು ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗ್. ಹದಿಮೂರು ವರ್ಷ ನಮ್ಮ ಮನೆಯಲ್ಲಿ ಒಂದು ಬಿಳಿ ಪೊಮೇರಿಯನ್ ನಾಯಿ ಇತ್ತು. ಹೆಂಡತಿಗೆ ಶುಗರ್, ಮೇಲಿಂದ ಮೊಣಕಾಲು ನೋವು. ದಿನಾ ನಡೆಯಬೇಕು ಎಂದು ಡಾಕ್ಟರರು ಎಷ್ಟು ಸಲ ಹೇಳಿದರೂ ಅವರಿಗಾಗಿ ಅವಳು ಹತ್ತು ಹೆಜ್ಜೆ ನಡೆದವಳಲ್ಲ. ನಾಯಿಗಾಗಿ ಮಾತ್ರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಇರಲಿ ಬಿಸಿಲಿರಲಿ, ಮೂರು ಮಾಳಿಗೆ ಇಳಿದು ಹತ್ತಿ ಮಾಡುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಆ ನಾಯಿ ಸತ್ತಿತು. ವಯಸ್ಸಾಗಿತ್ತು, ಯಾರ ತಪ್ಪೂ ಅಲ್ಲ.

ಅದಾಗಿ ನಾಲ್ಕನೆಯ ದಿನ ಅವಳು ಕೊತ್ತಂಬರಿ ಸೊಪ್ಪು ತರಲು ಕೆಳಗೆ ಹೋದಳು. ನಾಯಿ ಎಲ್ಲಿ ಎಂದು ವಾಚ್‌ಮನ್ ಕೇಳಿದ, "ಡಾಗೀ ಕಹಾಂ ಹೈ?" ಸ್ಕೂಲ್ ವ್ಯಾನಿಗೆ ಕಾಯುತ್ತಿದ್ದ ತಾಯಂದಿರು ಕೇಳಿದರು. ಇಸ್ತ್ರಿಯವನು ಕೇಳಿದ. ಕೊತ್ತಂಬರಿ ಮಾರುವ ಮುದುಕಿ ಮರಾಠಿಯಲ್ಲಿ ಕೇಳಿದಳು. ಎಲ್ಲರಿಗೂ ಉತ್ತರ ಹೇಳಿ ಹೇಳಿ ಅವಳು ಬರಿಗೈಯಲ್ಲಿ ಮೇಲೆ ಬಂದಳು. ಮತ್ತೆ ಕೆಳಗೆ ಇಳಿಯಲೇ ಇಲ್ಲ.

ಒಂದು ವಾರವಲ್ಲ, ಎರಡೂವರೆ ತಿಂಗಳು. ಅಡುಗೆ ಮಾಡುವಳು, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರುವಳು, ಅಷ್ಟೆ. ಕಾಲು ಊದಿಕೊಂಡಿತು, ಶುಗರ್ ಏರಿತು. "ಸ್ವಲ್ಪ ಕೆಳಗೆ ಹೋಗಿ ಬಾ" ಎಂದರೆ "ಕೆಳಗೆ ನನಗೆ ಎಂತ ಕೆಲಸ ಉಂಟು?" ಎಂಬ ಒಂದೇ ಉತ್ತರ. ನನ್ನದು ಮೊದಲೇ ಸಿಡುಕು ಬುದ್ಧಿ. ಬೈದೆ, ಕೂಗಾಡಿದೆ, ಒಂದು ದಿನ ಅವಳ ಚಪ್ಪಲಿ ತಂದು ಕುರ್ಚಿಯ ಮುಂದೆ ಕುಕ್ಕಿದೆ. ಅವಳು ಚಪ್ಪಲಿಯನ್ನೇ ನೋಡುತ್ತಾ ಕೂತಳು. ಆಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಲವತ್ತೊಂದು ವರ್ಷದ ಸಂಸಾರ. ಇವಳು ಕೂತಲ್ಲೇ ಕರಗಿ ಹೋಗುತ್ತಾಳೆ ಎಂಬ ಹೆದರಿಕೆ ನನ್ನನ್ನು ಹಿಡಿದುಬಿಟ್ಟಿತ್ತು. ಅವಳನ್ನು ಮೆಟ್ಟಿಲಿಳಿಸಬೇಕು, ಹೇಗಾದರೂ. ಅದಕ್ಕೆ ಇನ್ನೊಂದು ಬಿಳಿ ಮರಿ ಬೇಕು. ನನಗೆ ಹೊಳೆದದ್ದು ಇಷ್ಟೇ.

ಮುಂಬಯಿಯಲ್ಲಿ ಮರಿಗಳು ಸಿಗುವುದಿಲ್ಲವೆಂದಲ್ಲ. ಆದರೆ ನಮ್ಮ ಕರಾವಳಿಯವರ ರೋಗ ನಿಮಗೆ ಗೊತ್ತಿರಬಹುದು. ಮುಂಬಯಿಯಲ್ಲೇ ಹುಟ್ಟಿ ಮುದುಕರಾದರೂ ನಮಗೆ ಅಕ್ಕಿ ಊರಿನದ್ದೇ ಆಗಬೇಕು, ತೆಂಗಿನೆಣ್ಣೆ ಊರಿನದ್ದೇ, ಉಪ್ಪಿನಕಾಯಿ, ಹಪ್ಪಳ, ಮಲ್ಲಿಗೆ ಹೂವು ಕೂಡ ಊರಿನದ್ದೇ. ಎಲ್ಲವೂ ಊರಿನ ಬಸ್ಸಿನಲ್ಲಿ ಪಾರ್ಸೆಲ್ ಆಗಿ ಬರುತ್ತದೆ. ಡ್ರೈವರ್ ಗೊತ್ತು, ಕ್ಲೀನರ್ ಗೊತ್ತು. ನಲವತ್ತು ವರ್ಷದಲ್ಲಿ ಒಂದು ಹಪ್ಪಳ ಮುರಿದದ್ದಿಲ್ಲ. ಹಾಗಿರುವಾಗ ನಾಯಿಮರಿ ಯಾಕೆ ಬರಬಾರದು?

ನಮ್ಮ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ನಂಬರ್ ಹಾಕಿದ್ದರು. ಬಿಳಿ ಪೊಮೇರಿಯನ್ ಮರಿಗಳು, ಎರಡು ತಿಂಗಳಿನವು, ಇಂಜೆಕ್ಷನ್ ಆಗಿದೆ, ಮುಂಬಯಿಗೆ ಕಳಿಸಿಕೊಡಲಾಗುವುದು. ಫೋನ್ ಮಾಡಿದೆ. ನಾನು ಹಲೋ ಎನ್ನುತ್ತಿದ್ದಂತೆ ಅವನು ತುಳುವಿನಲ್ಲಿ "ಇರೆನ ಊರು ಓಲು?" ಎಂದ. ನನ್ನ ಊರು ಯಾವುದು ಎಂದು ಕೇಳಿದ, ಅಷ್ಟೆ. ನಾನು ಕರಗಿ ನೀರಾದೆ. ನನ್ನ ಊರಿನ ಹೆಸರು ಹೇಳಿದೆ. ಅಲ್ಲಿಯ ದೇವಸ್ಥಾನದ ಹಿಂದೆಯೇ ತನ್ನ ಚಿಕ್ಕಮ್ಮನ ಮನೆ ಎಂದ. ಇನ್ನೇನು ಬೇಕು! ನಮ್ಮ ಹೋಟೆಲಿಗೆ ಕೆಲಸ ಕೇಳಿಕೊಂಡು ಬಂದವರ ಹತ್ತಿರ ನಾವು ಕೇಳುತ್ತಿದ್ದದ್ದೂ ಎರಡೇ ಪ್ರಶ್ನೆ: ಯಾವ ಊರು, ಯಾರ ಮನೆ. ಅದಕ್ಕೆ ಸರಿಯಾಗಿ ಉತ್ತರಿಸಿದವನಿಗೆ ಗಲ್ಲಾಪೆಟ್ಟಿಗೆಯನ್ನೇ ಬಿಟ್ಟುಕೊಡುತ್ತಿದ್ದೆವು.

ಈಗ ಕೂತು ಯೋಚಿಸಿದರೆ ಅವನ ಒಂದೊಂದು ಮಾತೂ ಕೊಳೆತ ಬದನೆಯ ಹಾಗೆ ನಾರುತ್ತಿತ್ತು. ಮರಿಯನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿ ಎಂದೆ. "ನೆಟ್‌ವರ್ಕ್ ಇಲ್ಲ ಅಣ್ಣಾ ಇಲ್ಲಿ" ಎಂದ. ಆದರೆ ಅದೇ ಗಂಟೆಯಲ್ಲಿ ಆರು ವಿಡಿಯೊ ಕಳಿಸಿದ. ಒಂದರಲ್ಲಿ ಮರಿ ಕೆಂಪು ಗಾರೆ ನೆಲದ ಮೇಲಿತ್ತು, ಇನ್ನೊಂದರಲ್ಲಿ ಬಿಳಿ ಟೈಲ್ಸ್. ಒಂದರಲ್ಲಿ ಮರಿ ಎತ್ತಿದ ಕೈಯಲ್ಲಿ ಬಳೆ, ಮತ್ತೊಂದರಲ್ಲಿ ಗಂಡಸಿನ ವಾಚು. ಪೊಮೇರಿಯನ್ ಬೇಡವೆಂದರೆ ಲ್ಯಾಬ್ ಉಂಟು, ಪಗ್ ಉಂಟು, ಬೀಗಲ್ ಉಂಟು, ಯಾವುದು ಹೇಳಿದರೆ ಅದು ಉಂಟು. ಒಬ್ಬನ ಮನೆಯಂಗಳದಲ್ಲಿ ಇಷ್ಟೆಲ್ಲ ಜಾತಿಯ ನಾಯಿಗಳು ಒಂದೇ ಸಲ ಹೆರುತ್ತವೆಯೇ ಎಂದು ನನಗೆ ಹೊಳೆಯಲಿಲ್ಲ. ಕೊನೆಗೆ "ಪುಣೆಯ ಪಾರ್ಟಿ ಒಬ್ರು ಇದೇ ಮರಿ ಬೇಕು ಅಂತ ಕೂತಿದ್ದಾರೆ, ನೀವು ನಮ್ಮವರು ಅಂತ ನಿಲ್ಲಿಸಿದ್ದೇನೆ, ಇವತ್ತೇ ಪೂರ್ತಿ ಹಾಕಿಬಿಡಿ" ಎಂದ. ಮಾರ್ಕೆಟಿನಲ್ಲಿ ಯಾವನಾದರೂ ಹೀಗೆ ಹೇಳಿದ್ದರೆ "ಹಾಗಾದರೆ ಅವನಿಗೇ ಕೊಡು" ಎಂದು ಮುಂದಿನ ಗಾಡಿಗೆ ಹೋಗುತ್ತಿದ್ದೆ. ಇವನಿಗೆ ಥ್ಯಾಂಕ್ಸ್ ಹೇಳಿದೆ.

ಹಣ ಹಾಕುವ ಮೊದಲು ಆ ವಿಡಿಯೊವನ್ನು ನಾನು ತೋರಿಸಿದ್ದು ಒಬ್ಬಳಿಗೇ. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಪಾತ್ರೆ, ನೆಲ ಒರೆಸುವ ಕೆಲಸಕ್ಕೆ ಬರುವವಳಿಗೆ. ಮುಧೋಳದ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವನು, ಈಗಿಲ್ಲ. ಅತ್ತೆಯೊಂದಿಗೆ ರೈಲು ಹಳಿಯ ಆಚೆಯ ಗಲ್ಲಿಯಲ್ಲಿ ಒಂದು ಕೋಣೆಯ ಮನೆ. ಅವಳ ತಂದೆ ಊರ ಗೌಡರ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಿದ್ದನಂತೆ. ಹೆಂಡತಿ ಹಾಲ್‌ನಲ್ಲಿ ಕೂತಿದ್ದಳು. ನಾನು ಅಡುಗೆಮನೆಯಲ್ಲಿ ಗುಟ್ಟಾಗಿ ಫೋನ್ ಹಿಡಿದೆ.

"ಚಂದ ಐತ್ರಿ ಅಣ್ಣಾರ," ಎಂದಳು. "ಇದರ ತಾಯಿ ಎಲ್ಲೈತಿ?"

"ತಾಯಿ ಬೇರೆ ತೋಟದಲ್ಲಿ ಉಂಟಂತೆ."

"ಹಾಲ ಕುಡಿಯೂ ಮರಿ ಒಂದ್ ತೋಟದಾಗ, ತಾಯಿ ಇನ್ನೊಂದ್ ತೋಟದಾಗ? ಅದ್ಹೆಂಗ್ರಿ?"

"ದೊಡ್ಡ ಜನ. ಎರಡು ತೋಟ ಇರಬಹುದು."

"ತೋಟ ಹತ್ತ ಇರ್ಲಿ ಬಿಡ್ರಿ, ತಾಯಿ ಒಂದ ಅಲ್ರಿ? ತಾಯಿ ಮಗ್ಗಲದಾಗ ಮರಿ ಇಟ್ಟು ತೋರ್ಸು ಅನ್ರಿ ಅವಂಗ. ನಮ್ಮಪ್ಪ ತಾಯಿನ್ನ ನೋಡದ ಮರಿ ಮುಟ್ತಿದ್ದಿಲ್ಲ. ನೂಲಿನಂಗ ಸೀರಿ, ತಾಯಿಯಂಗ ಮಗಳು ಅಂತಾರಲ್ರಿ. ಬೆಳ್ಳಗಿದ್ದದ್ದೆಲ್ಲಾ ಹಾಲಲ್ರಿ ಅಣ್ಣಾರ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಇತ್ತು, ಅದಕ್ಕೇ ಬಂತು. "ನಿನ್ನಪ್ಪ ಸಾಕಿದ್ದು ಬೇಟೆ ನಾಯಿ. ಇದು ಪೊಮೇರಿಯನ್. ನೀನು ಪಾತ್ರೆ ತೊಳಿ ಮಾರಾಯ್ತಿ" ಎಂದೆ. ಅವಳು ಇಡ್ಲಿ ಪಾತ್ರೆಯನ್ನು ಸಿಂಕಿನಲ್ಲಿ ದಡಾರನೆ ಹಾಕಿ ತನ್ನ ಉತ್ತರ ಕೊಟ್ಟಳು. ನಿಜ ಹೇಳಬೇಕೆಂದರೆ, ತಾಯಿಯನ್ನು ತೋರಿಸು ಎಂದು ಕೇಳಲು ನನಗೆ ಸಂಕೋಚ. ಊರಿನವನ ಹತ್ತಿರ ‘ತೋರಿಸು’ ಎಂದರೆ ‘ನಿನ್ನನ್ನು ನಂಬುವುದಿಲ್ಲ’ ಎಂದು ಮುಖಕ್ಕೆ ಹೇಳಿದಂತೆ. ಚಿಕ್ಕಮ್ಮನ ಮನೆ ದೇವಸ್ಥಾನದ ಹಿಂದೆ ಇರುವವನಿಗೆ ಹಾಗೆ ಹೇಳುವುದು ಹೇಗೆ? ಹಣ ಹಾಕಿಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಬಸ್ಸು ಬಂತು. ಗ್ರಾಂಟ್ ರೋಡಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನಾನು ಹೆದ್ದಾರಿಯ ಸ್ಟಾಪಿನಲ್ಲಿ ನಿಂತಿದ್ದೆ. ನಮ್ಮ ಮನೆಯ ಕೆಲಸಕ್ಕೆ ಹೊರಟ ಮುಧೋಳದವಳೂ ಮರಿ ನೋಡುವ ಆಸೆಗೆ ಅಲ್ಲಿಗೇ ಬಂದಿದ್ದಳು. ಕ್ಲೀನರ್ ಲಗೇಜ್ ಬಾಗಿಲು ತೆರೆದು, ಅಕ್ಕಿ ಮೂಟೆಗಳ ನಡುವಿನಿಂದ ಒಂದು ಬಿಸ್ಕೆಟ್ ಡಬ್ಬದ ರಟ್ಟಿನ ಪೆಟ್ಟಿಗೆ ಎಳೆದು ಕೊಟ್ಟ. ಪಕ್ಕಕ್ಕೆ ನಾಲ್ಕು ತೂತು. ಒಳಗಿನಿಂದ ಸದ್ದೇ ಇಲ್ಲ.

ಬಿಚ್ಚಿದೆವು. ವಿಡಿಯೊದಲ್ಲಿ ಕುಣಿಯುತ್ತಿದ್ದ ದುಂಡು ಮರಿಯಲ್ಲ ಇದು. ಅಂಗೈಯಷ್ಟು ಜೀವ. ಹೊಟ್ಟೆ ಮಾತ್ರ ಊದಿಕೊಂಡು, ಬೆನ್ನಿನ ಎಲುಬು ಎಣಿಸುವಂತಿತ್ತು. ಕಣ್ಣು ಪಿಸುರುಗಟ್ಟಿ ಅಂಟಿಕೊಂಡಿತ್ತು, ಮೈಯೆಲ್ಲ ತನ್ನದೇ ಹೇಲಿನಲ್ಲಿ ಒದ್ದೆ. ಅವಳು ನನ್ನನ್ನು ಸರಿಸಿ, ಕಿರುಬೆರಳಿನಿಂದ ಅದರ ತುಟಿ ಎತ್ತಿ ನೋಡಿದಳು.

"ಎರಡ ತಿಂಗಳದ್ದ ಅಂದಿದ್ರೆಲ್ರಿ? ಇದಕ್ಕ ಹಲ್ಲ ಈಗ ಮೂಡಾಕತ್ತಾವ. ಇನ್ನಾ ತಾಯಿ ಹಾಲ ಬಿಟ್ಟಿಲ್ರಿ ಇದು. ಯಾವ ಭಾಡ್ಯಾ ಕಳಿಸ್ಯಾನ ಇದನ್ನ?"

ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ‘ನಾನು ಹೇಳಿದ್ದೆನಲ್ಲ’ ಎಂಬ ಮಾತು ಅವಳ ಬಾಯಿಂದ ಬರುತ್ತದೆಂದು ಕಾದೆ. ಬರಲಿಲ್ಲ. ಅವಳು ಸೆರಗಿನಿಂದ ಮರಿಯನ್ನು ಒರೆಸಿ, ರವಿಕೆಯ ಹತ್ತಿರ ಬೆಚ್ಚಗೆ ಒತ್ತಿಕೊಂಡು, ನನ್ನ ಮುಖ ನೋಡಿದಳು.

"ಅಣ್ಣಾರ, ಇದನ್ನ ಮನಿಗೆ ಒಯ್ಯಬ್ಯಾಡ್ರಿ. ಅಕ್ಕಾರು ಒಮ್ಮೆ ಇದನ್ನ ಮುಟ್ಟಿದ್ರಂದ್ರ ಮುಗೀತು. ಆಮ್ಯಾಲ ಇದು ಸತ್ತರ, ಅವರು ಆ ಕುರ್ಚಿ ಬಿಟ್ಟು ಏಳೂದಿಲ್ಲ. ನನ್ನ ಮನಿಯಾಗ ಇರ್ಲಿ. ಬದುಕಿದ್ರ ಆವಾಗ ತೋರ್ಸೂಣು."

ನನ್ನ ಹೆಂಡತಿಯ ಬಗ್ಗೆ ನನ್ನಲ್ಲಿದ್ದ ಹೆದರಿಕೆಯನ್ನೇ ಅವಳು ಬಾಯಿಬಿಟ್ಟು ಹೇಳಿದ್ದಳು. ನಾನು ಯಾರಿಗೂ ಹೇಳಿದವನಲ್ಲ. ಅವಳು ನೆಲ ಒರೆಸುತ್ತಾ ಎಲ್ಲವನ್ನೂ ನೋಡಿಕೊಂಡಿದ್ದಳು.

ಅಲ್ಲಿಂದ ರಿಕ್ಷಾ ಮಾಡಿಕೊಂಡು ನಾಯಿ ಡಾಕ್ಟರರ ಕ್ಲಿನಿಕ್ಕಿಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. "ದೋ ಮಹೀನಾ ಕಿಸ್‌ನೇ ಬೋಲಾ, ಅಂಕಲ್?" ಎಂದು, ಎರಡು ತಿಂಗಳು ಎಂದದ್ದು ಯಾರೆಂದು ಕೇಳಿದರು. ಹೆಚ್ಚೆಂದರೆ ನಾಲ್ಕು ವಾರದ ಮರಿಯಂತೆ, ಹೊಟ್ಟೆ ತುಂಬ ಹುಳ, ಮೈಯಲ್ಲಿ ನೀರಿನ ಅಂಶವೇ ಇಲ್ಲ. ಪೆಟ್ಟಿಗೆಯ ಜೊತೆ ಬಂದಿದ್ದ ಇಂಜೆಕ್ಷನ್ ಪುಸ್ತಕ ತೋರಿಸಿದೆ. ಅದರಲ್ಲಿ ಡಾಕ್ಟರರ ಹೆಸರೂ ಇರಲಿಲ್ಲ, ರಿಜಿಸ್ಟರ್ ನಂಬರೂ ಇರಲಿಲ್ಲ. ಉರುಟಾದ ಒಂದು ಮೊಹರು, ಅದರೊಳಗೆ ನಾಯಿಯ ಚಿತ್ರ. ದನದ ಹಾಲು ಹಾಕಬೇಡಿ, ಮರಿಗಳ ಹಾಲಿನ ಪುಡಿ ಕಲಸಿ ಮೂರು ಗಂಟೆಗೊಮ್ಮೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಕೊಡಿ, ಬೆಚ್ಚಗಿಡಿ, ಬೇರೆ ನಾಯಿಗಳ ಹತ್ತಿರ ಬಿಡಬೇಡಿ ಎಂದರು. ಬದುಕುತ್ತದೆಯೇ ಎಂದು ಕೇಳಿದ್ದಕ್ಕೆ, "ದೇಖೇಂಗೇ", ನೋಡೋಣ ಎಂದರು. ಆ ಮಾತನ್ನು ಅವರು ಮೆಲ್ಲಗೆ ಹೇಳಿದ್ದರಿಂದ ನನಗೆ ಇನ್ನಷ್ಟು ಭಯವಾಯಿತು.

ಕ್ಲಿನಿಕ್ಕಿನ ಹೊರಗೆ ನಿಂತು ಮಾರಿದವನಿಗೆ ಫೋನ್ ಮಾಡಿದೆ. "ನೀರು ಬದಲಾದದ್ದಕ್ಕೆ ಅಣ್ಣಾ, ಎರಡು ದಿನದಲ್ಲಿ ಸರಿಯಾಗ್ತದೆ" ಎಂದ. ಅದರ ತಾಯಿಯನ್ನು ಈಗಲೇ ತೋರಿಸು ಎಂದೆ. ಆಗ ಬಂತು ನೋಡಿ ನನಗೆ ಆ ಪ್ರಶ್ನೆ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಫೋನ್ ಕಟ್ಟಾಯಿತು, ಮತ್ತೆ ಹತ್ತಲಿಲ್ಲ. ಸಂಜೆಯ ಹೊತ್ತಿಗೆ ವಾಟ್ಸಾಪ್‌ನಲ್ಲಿ ಅವನ ಫೋಟೊವೂ ಮಾಯವಾಗಿತ್ತು. ಊರಿನವರ ಗುಂಪಿನಲ್ಲಿ ನಡೆದದ್ದನ್ನು ಬರೆದೆ, ಬೇರೆ ಯಾರೂ ಹಳ್ಳಕ್ಕೆ ಬೀಳಬಾರದೆಂದು. "ನಮ್ಮವರ ಮಾನ ನಾವೇ ತೆಗೆಯುವುದು ಸರಿಯಲ್ಲ" ಎಂದು ಗುಂಪಿನ ಹಿರಿಯರೊಬ್ಬರು ಬುದ್ಧಿ ಹೇಳಿದರು. "ಹಾಲು ಬಿಡದ ಮರಿಯನ್ನು ಅಕ್ಕಿ ಮೂಟೆಯ ಸಂದಿಯಲ್ಲಿ ತುರುಕಿ ಕಳಿಸಿದವನು ನಮ್ಮವನಾದರೆ, ನಾನು ಯಾರವನೂ ಅಲ್ಲ" ಎಂದು ಬರೆದು ಗುಂಪು ಬಿಟ್ಟೆ. ಈಗಲೂ ಸೇರಿಲ್ಲ.

ಆಮೇಲಿನ ಎರಡು ವಾರ ನನ್ನ ಬದುಕಿನ ವಿಚಿತ್ರ ದಿನಗಳು. ಬೆಳಿಗ್ಗೆ ಹೆಂಡತಿಗೆ ಗ್ರಾಂಟ್ ರೋಡಿಗೆ ಎಂದು ಹೇಳಿ ಹೊರಟು, ರೈಲು ಹಳಿಯ ಆಚೆಯ ಆ ಗಲ್ಲಿಗೆ ಹೋಗುತ್ತಿದ್ದೆ. ಕೋಣೆಯ ಒಂದು ಮೂಲೆಯಲ್ಲಿ ಅವಳ ಅತ್ತೆ ಕೂತು, ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಹೊಲಿಯುತ್ತಿದ್ದ ಕೌದಿಯ ಮಡಿಕೆಯೊಳಗೆ ಮರಿ. ರಾತ್ರಿಯ ಸರದಿ ಕೆಲಸದವಳದ್ದು, ಅವಳು ಮನೆಮನೆ ಕೆಲಸಕ್ಕೆ ಹೋದಾಗ ಹಗಲಿನ ಸರದಿ ನನ್ನದು ಮತ್ತು ಮುದುಕಿಯದ್ದು. ಹಾಲಿನ ಪುಡಿ, ಔಷಧಿ ನಾನು ತರುತ್ತಿದ್ದೆ. ಆದರೆ ನಿದ್ದೆಗೆಟ್ಟದ್ದು ಅವಳು. ನಾಲ್ಕು ಮನೆಯ ಕೆಲಸದ ಮೇಲೆ ಇದು. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ತೂಕಡಿಸಿದ್ದನ್ನು ಕಂಡೆ. "ಬೇರೆ ಯಾರಿಗಾದರೂ ಕೊಡೋಣವಾ ಮಾರಾಯ್ತಿ, ನಿನಗೆ ಕಷ್ಟ" ಎಂದು ಪಿಸುಗುಟ್ಟಿದೆ.

"ಸುಮ್ಮಿರ್ರಿ ಅಣ್ಣಾರ. ಮುಂಬೈಕ ಬಂದಾಗಿಂದ ಒಂದ್ ನಾಯಿ ಮೈ ಮುಟ್ಟಿದ್ದಿಲ್ಲ ನಾ. ನನಗೇನ್ ಕಷ್ಟ?"

ಹೀಗೆ ನಾವಿಬ್ಬರೂ ಮೂಲೆಯಲ್ಲಿ ಪಿಸುಗುಟ್ಟುವುದನ್ನು ಹಾಲ್‌ನಲ್ಲಿದ್ದವಳು ನೋಡುತ್ತಿದ್ದಳು ಎಂಬುದು ನನ್ನ ದಡ್ಡ ತಲೆಗೆ ಹೋಗಿರಲಿಲ್ಲ.

ಹದಿನಾರನೆಯ ದಿನವೋ ಹದಿನೇಳನೆಯದೋ, ಮಧ್ಯಾಹ್ನ. ನಾನು ಆ ಕೋಣೆಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಮರಿಯನ್ನಿಟ್ಟುಕೊಂಡು ಸಿರಿಂಜ್ ಒತ್ತುತ್ತಿದ್ದೆ. ಬಾಗಿಲಿನ ಬೆಳಕು ತಟ್ಟನೆ ಕಡಿಮೆಯಾಯಿತು. ತಲೆಯೆತ್ತಿದರೆ ನನ್ನ ಹೆಂಡತಿ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದು ಕೈಯಲ್ಲಿ ಊರುಗೋಲಿನಂತೆ ಹಿಡಿದ ಕೊಡೆ, ಮುಖವೆಲ್ಲ ಬೆವರು. ಮೂರು ಮಾಳಿಗೆ ಇಳಿದು, ರೈಲ್ವೆಯ ಮೇಲ್ಸೇತುವೆ ಹತ್ತಿ ಇಳಿದು, ಹಿಟ್ಟಿನ ಗಿರಣಿಯಲ್ಲಿ ದಾರಿ ಕೇಳಿಕೊಂಡು ಬಂದಿದ್ದಳು. ಹನ್ನೊಂದು ವರ್ಷ ನಮ್ಮ ಮನೆಗೆ ಬಂದವಳ ಮನೆಗೆ ಅವಳು ಬಂದದ್ದು ಅದೇ ಮೊದಲು.

"ಎಂತ ಮಾರಾಯ್ರೆ ನೀವು!" ಎಂದಳು. "ನನಗೇನು ಮೂಗಿಲ್ವಾ? ಎರಡು ವಾರದಿಂದ ನಿಮ್ಮ ಅಂಗಿ ಒಗೀತಾ ಇದ್ದೇನೆ. ನಾಯಿಮರಿ ವಾಸನೆ ನನಗೆ ಗೊತ್ತಾಗುದಿಲ್ವಾ?"

ಆಗಷ್ಟೇ ಕೆಲಸ ಮುಗಿಸಿ ಬಂದಿದ್ದವಳು ಗಾಬರಿಯಿಂದ ಎದ್ದಳು. "ಅಕ್ಕಾರ, ಅಣ್ಣಾರಿಗೆ ಬೈಬ್ಯಾಡ್ರಿ, ನಾನ ಹೇಳಿದ್ದು ಮುಚ್ಚಿಡ್ರಿ ಅಂತ..."

"ನೀನು ಸುಮ್ಮನಿರು. ನಿನಗೆ ಆಮೇಲೆ ಉಂಟು."

ಕೊಡೆಯನ್ನು ಗೋಡೆಗೆ ಒರಗಿಸಿ, ನೋಯುವ ಮೊಣಕಾಲನ್ನು ಮೆಲ್ಲಗೆ ಮಡಚಿ ನೆಲಕ್ಕೆ ಕೂತಳು. "ಸಿರಿಂಜ್ ಹಾಗೆ ಹಿಡಿದ್ರೆ ನೆತ್ತಿಗೆ ಹತ್ತುತ್ತದೆ. ಕೊಡಿ ಇಲ್ಲಿ." ಮರಿಯನ್ನು ನನ್ನ ತೊಡೆಯಿಂದ ತೆಗೆದುಕೊಂಡಳು. ಅದರ ತಲೆ ಸ್ವಲ್ಪ ತಗ್ಗಿಸಿ, ಬಾಯಿಯ ಬದಿಯಿಂದ ಒಂದೊಂದೇ ಹನಿ ಬಿಟ್ಟಳು. ಮರಿ ಚಪ್ಪರಿಸಿತು.

"ಬದುಕ್ತದಾ?" ಎಂದು ಕೇಳಿದಳು.

"ಡಾಕ್ಟರಮ್ಮ ಇನ್ನೂ ಹೌದು ಅನ್ನಲಿಲ್ಲ."

"ಅದಕ್ಕೇ ನನ್ನ ಹತ್ರ ಹೇಳ್ಲಿಲ್ವಾ?"

ಹೌದೆಂದು ತಲೆಯಾಡಿಸಿದೆ.

"ಸತ್ರೆ ಅಳ್ತೇನೆ. ಅಳ್ಲಿಕ್ಕೆ ನನಗೆ ಬರ್ತದೆ. ಅದಕ್ಕೆಲ್ಲ ನೀವು ಯಾಕೆ ಹೆದರುದು?" ಎಂದಳು. ನನ್ನನ್ನು ನೋಡದೆಯೇ ಸೆರಗಿನ ತುದಿಯನ್ನು ನನ್ನ ಕಡೆಗೆ ಚಾಚಿದಳು, ಕಣ್ಣೊರೆಸಿಕೊಳ್ಳಲು. ಮುದುಕಿ ನಮ್ಮಿಬ್ಬರನ್ನೂ ನೋಡಿ ಬೊಚ್ಚು ಬಾಯಿಯಲ್ಲಿ ನಕ್ಕಳು.

ಮರುದಿನದಿಂದ ಹಗಲಿನ ಸರದಿಯಿಂದ ನನ್ನನ್ನು ಕಿತ್ತುಹಾಕಿದರು. ಹೆಂಡತಿ ಬೆಳಿಗ್ಗೆ ಒಮ್ಮೆ ಹೋದರೆ ಸಂಜೆ ಇನ್ನೊಮ್ಮೆ. ದಾರಿಯಲ್ಲಿ ವಾಚ್‌ಮನ್ ಕೇಳಿದರೆ ನಿಂತು ಉತ್ತರ ಕೊಡುವಳಂತೆ. ಮುದುಕಿ ಅವಳಿಗೆ ಕೌದಿಯ ಹೊಲಿಗೆ ಕಲಿಸಿದಳು, ಇವಳು ಮುದುಕಿಗೆ ಶುಗರಿನ ಪಥ್ಯ ಹೇಳಿದಳು. ಇಬ್ಬರೂ ಪಥ್ಯ ಬಿಟ್ಟು ಒಟ್ಟಿಗೇ ಚಹಾಕ್ಕೆ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದದ್ದು ನನಗೆ ಆಮೇಲೆ ಗೊತ್ತಾಯಿತು. ಮರಿಯ ಹುಳ ಬಿದ್ದವು, ಕಣ್ಣು ತೆರೆದುಕೊಂಡಿತು, ಹಲ್ಲು ಬಂದು ಮೊದಲು ಕಡಿದದ್ದು ನನ್ನ ಹೆಬ್ಬೆರಳನ್ನು. ಬಿಳಿಯ ಮೈಮೇಲೆ ಕಂದು ಮಚ್ಚೆಗಳೂ ಮೂಡಿದವು. ಪೊಮೇರಿಯನ್ ಅಲ್ಲ ಎಂದರು ಡಾಕ್ಟರಮ್ಮ. ಏನೆಂದು ಅವರಿಗೂ ಗೊತ್ತಾಗಲಿಲ್ಲ. ಬದುಕುತ್ತದೆ ಎಂದರು ಮಾತ್ರ. ಆ ದಿನ ನಾನು ಕ್ಲಿನಿಕ್ಕಿನಲ್ಲೇ ಎಲ್ಲರ ಮುಂದೆ ಆ ಡಾಕ್ಟರ್ ಹುಡುಗಿಗೆ ಕೈಮುಗಿದೆ.

ಇಂಜೆಕ್ಷನ್‌ಗಳೆಲ್ಲ ಮುಗಿದು, ಇನ್ನು ಎಲ್ಲಿ ಬೇಕಾದರೂ ಕರೆದುಕೊಂಡು ಹೋಗಬಹುದು ಎಂದಾದ ಮೇಲೆ ಒಂದು ಭಾನುವಾರ ನಾನೂ ಹೆಂಡತಿಯೂ ಮರಿಯನ್ನು ಮನೆಗೆ ತರಲು ಹೋದೆವು. ಹೊಸ ಬೆಲ್ಟ್, ಹೊಸ ಬಟ್ಟಲು ನನ್ನ ಚೀಲದಲ್ಲಿ. ಕೆಲಸದವಳು ಮರಿಗೆ ಸ್ನಾನ ಮಾಡಿಸಿ, ಕುಂಕುಮವಿಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಸಿದ್ಧ ಮಾಡಿದ್ದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕರೆದರೂ ತಿರುಗಲಿಲ್ಲ.

"ರೊಟ್ಟಿ ನೆನಸಿ ಕೊಡ್ರಿ ಅಕ್ಕಾರ, ಬರೇ ಅನ್ನ ಮೂಸಿ ನೋಡೂದಿಲ್ಲ," ಎಂದು ಅವಳು ಗಡಿಬಿಡಿಯಲ್ಲಿ ಹೇಳತೊಡಗಿದಳು. "ಲೋಕಲ್ ಗಾಡಿ ಹಾರ್ನ್ ಹೊಡದ್ರ ಅಂಜತೈತಿ, ಆವಾಗ ಕಿವಿ ಮುಚ್ರಿ. ಮತ್ತ ಮಲಗೂ ಮುಂದ ರಟ್ಟಿ ಕೆಳಗ ತಲಿ ಇಟ್ಗೊಂಡ..." ಎಂದವಳು ಮರಿಯ ಹಣೆಯ ಕುಂಕುಮವನ್ನು ಮತ್ತೊಮ್ಮೆ ತಿದ್ದಿದಳು. ಒಲೆಯ ಮೇಲೆ ಅಡುಗೆ ಇರಲಿಲ್ಲ. ಆ ದಿನ ಆ ಮನೆಯಲ್ಲಿ ಯಾರೂ ಉಂಡಿರಲಿಲ್ಲ.

ಬೆಲ್ಟ್ ಹಿಡಿದು ನಿಂತಿದ್ದ ನನ್ನ ಹೆಂಡತಿ ಕೂತಳು. ಮರಿ ಅವಳ ತೊಡೆಗೆ ಬಂದು, ಕೈ ನೆಕ್ಕಿ, ಬಾಲವಾಡಿಸಿ, ಅಲ್ಲಿಂದ ಇಳಿದು ಹೋಗಿ ಮುದುಕಿಯ ಬೆನ್ನಿಗೆ ಒತ್ತಿ ಮಲಗಿತು.

"ಇದು ಇಲ್ಲೇ ಇರಲಿ," ಎಂದಳು.

"ಏ ಬ್ಯಾಡ್ರಿ ಅಕ್ಕಾರ! ನಿಮ್ಮ ಮರಿರಿ ಇದು. ಅಣ್ಣಾರು ನಿಮಗಂತ ತರ್ಸ್ಯಾರ."

"ಒಂದು ಸಲ ತಾಯಿಯಿಂದ ಕಿತ್ತು ತಂದಾಯ್ತು ಇದನ್ನು. ಎರಡನೇ ಸಲದ ಪಾಪ ನನಗೆ ಬೇಡ ಮಾರಾಯ್ತಿ. ಅದರ ತಾಯಿ ಎಲ್ಲುಂಟು ಅಂತ ಇವರ ಹತ್ರ ಕೇಳಿದ್ದು ನೀನೇ ಅಂತೆ ಅಲ್ವಾ? ಇಲ್ಲೇ ಉಂಟಲ್ಲ."

ಅವಳು ಕುಕ್ಕರುಗಾಲಿನಲ್ಲಿ ಕುಸಿದು, ಸೆರಗು ಬಾಯಿಗೊತ್ತಿ ಅತ್ತಳು. ಹನ್ನೊಂದು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಗಂಡ ಹೋದಾಗಲೂ. ಮುದುಕಿ ಈ ಕಡೆ ತಿರುಗಿದಳು. ನನ್ನ ಹೆಂಡತಿ ಎದ್ದು ಅವರದೇ ಒಲೆ ಹಚ್ಚಿ, ಅವರದೇ ಡಬ್ಬದ ಅಕ್ಕಿ ತೊಳೆದು ಅನ್ನಕ್ಕಿಟ್ಟಳು. ನಾವು ನಾಲ್ವರೂ ಅಲ್ಲೇ ಉಂಡೆವು.

ಈಗ ಯಾರಾದರೂ ದೂರದೂರಿನಿಂದ ಮರಿ ತರಿಸುತ್ತೇವೆಂದು ನನ್ನನ್ನು ಕೇಳಿದರೆ, ನಾನು ಹೇಳುವುದು ಅವಳ ಮಾತನ್ನೇ. ತಾಯಿಯ ಮಗ್ಗುಲಲ್ಲಿ ಮರಿಯನ್ನು ನೋಡಿ, ಆಗಲೇ, ಕಣ್ಣೆದುರೇ. ನೋಡಲಾಗದಿದ್ದರೆ ಬಿಟ್ಟುಬಿಡಿ, ಅವನು ನಿಮ್ಮ ಭಾಷೆಯಲ್ಲಿ ಎಷ್ಟೇ ಸಿಹಿಯಾಗಿ ಮಾತಾಡಲಿ. ನನಗೆ ಮೋಸ ಮಾಡಿದವನೂ ಊರಿನವನೇ, ಈ ಹೆಂಗಸು ನಮ್ಮೂರಿನ ನೀರು ಕುಡಿದವಳೂ ಅಲ್ಲ. ಅವಳಿಗೆ ನಾನು ಕೊಟ್ಟದ್ದು ‘ಪಾತ್ರೆ ತೊಳಿ’ ಎಂಬ ಮಾತು. ಅವಳು ನನಗೆ ನನ್ನ ಹೆಂಡತಿಯನ್ನು ವಾಪಸ್ ಕೊಟ್ಟಳು. ಒಂದು ದಿನ ಅವಳ ಮುಂದೆ ನಿಂತು ಕ್ಷಮೆ ಕೇಳಿದೆ. "ಏನ್ ಹಚ್ಚೀರಿ ಅಣ್ಣಾರ, ಸರೀರಿ, ನೆಲ ಒರಸ್ಬೇಕು" ಎಂದು ನನ್ನನ್ನು ಕಾಲಿಂದ ಬಕೆಟ್ ಸರಿಸಿದ ಹಾಗೆ ಸರಿಸಿದಳು.

ಆ ಭಾನುವಾರ ಊಟ ಮುಗಿಸಿ ನಾನೂ ಹೆಂಡತಿಯೂ ಮೇಲ್ಸೇತುವೆ ಹತ್ತುತ್ತಿದ್ದಾಗ ನನಗೆ ಮನಸ್ಸು ತಡೆಯಲಿಲ್ಲ. "ನಿನಗೋಸ್ಕರ ತರಿಸಿದ್ದು ಅದು. ಖಾಲಿ ಬೆಲ್ಟ್ ಹಿಡ್ಕೊಂಡು ಮನೆಗೆ ಹೋಗ್ತಿದ್ದೇವೆ" ಎಂದು ಗೊಣಗಿದೆ. ಅವಳು ಕಂಬಿ ಹಿಡಿದು ನಿಂತು ಉಸಿರು ತೆಗೆದುಕೊಂಡಳು.

"ಮನೆಗೆ ತಂದ್ರೆ, ನಾಳೆ ಬೆಳಿಗ್ಗೆ ನಾನು ಯಾರ ಮನೆಗೆ ಹೋಗ್ಲಿ?" ಎಂದಳು.

ಮರುದಿನ ನನ್ನ ಕಾಫಿ ಮುಗಿಯುವ ಮೊದಲೇ ಅವಳು ಮೂರು ಮಾಳಿಗೆಯನ್ನೂ ಇಳಿದಾಗಿತ್ತು.